ಟೀವಿ ಬೇಡ, ಟೀವಿಯವರ ಉಪಾಯ ಬೇಕು: ಬಾಲವಾಡಿಯಲ್ಲಿ ಏನು ಮಾಡಬಹುದು?

ಬಾಲವಾಡಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮನೆಯ ಕೆಳಮಹಡಿಯಲ್ಲೇ ಒಂದು ಸಣ್ಣ ಬಾಲವಾಡಿ ನಡೆಸುತ್ತಿದ್ದೇನೆ. ಮೂರರಿಂದ ಐದು ವರ್ಷದ ಮಕ್ಕಳು. ಪೋಷಕರದ್ದು ಈಗ ಒಂದೇ ಬೇಡಿಕೆ, "ಮೇಡಂ, ಸ್ಮಾರ್ಟ್ ಟೀವಿ ಯಾವಾಗ ಹಾಕಿಸ್ತೀರಿ?" ಟೀವಿ ಇದ್ದರೆ ಶಾಲೆ, ಇಲ್ಲದಿದ್ದರೆ ಸುಮ್ನೆ ಮಕ್ಕಳನ್ನು ಕೂರಿಸಿಕೊಳ್ಳುವ ಜಾಗ ಅನ್ನುವ ಲೆಕ್ಕ. ನನಗೆ ಹಾಕಿಸುವ ಮನಸ್ಸಿಲ್ಲ. ಆದರೆ ಒಳ್ಳೆಯ ಮಕ್ಕಳ ಕಾರ್ಯಕ್ರಮ ಮಾಡಿದವರು ಮಕ್ಕಳ ಬಗ್ಗೆ ತಿಳಿದುಕೊಂಡಿದ್ದು ನಮಗಿಂತ ಜಾಸ್ತಿ ಇರಬಹುದು ಅಂತ ಅನ್ನಿಸುತ್ತಿದೆ. ಅದರ ಬಗ್ಗೆಯೇ ಈ ಚರ್ಚೆ.

ಅಮೆರಿಕದ ಸೆಸಮಿ ಸ್ಟ್ರೀಟ್ ಅನ್ನುವ ಮಕ್ಕಳ ಟೀವಿ ಕಾರ್ಯಕ್ರಮದ ಬಗ್ಗೆ ಓದುತ್ತಿದ್ದೆ. 1969ರ ನವೆಂಬರ್ 10ರಂದು ಶುರುವಾಗಿದ್ದು. ಜೋನ್ ಗ್ಯಾಂಜ್ ಕೂನಿ ಅನ್ನುವ ಟೀವಿ ನಿರ್ಮಾಪಕಿ ಗಮನಿಸಿದ್ದು ಇಷ್ಟು: ಮಕ್ಕಳು ಬಿಯರ್ ಜಾಹೀರಾತಿನ ಹಾಡನ್ನೂ ಬಾಯಿಪಾಠ ಮಾಡಿಕೊಂಡು ಹಾಡುತ್ತವೆ. ಹಾಗಾದರೆ ಅಕ್ಷರಕ್ಕೂ ಅಂಕಿಗೂ ಜಾಹೀರಾತು ಮಾಡಿದರೆ ಏನಾಗುತ್ತದೆ? ಅದಕ್ಕೇ ಆ ಕಾರ್ಯಕ್ರಮದಲ್ಲಿ ಕೊನೆಗೆ "ಇವತ್ತಿನ ಪ್ರಾಯೋಜಕರು ಇಂಥ ಅಕ್ಷರ, ಇಂಥ ಅಂಕಿ" ಅಂತ ಹೇಳುವುದು.

ನನಗೆ ಇದಕ್ಕಿಂತ ಹಿಡಿಸಿದ್ದು ಅವರು ಪರೀಕ್ಷೆ ಮಾಡುತ್ತಿದ್ದ ರೀತಿ. ಎಡ್ವರ್ಡ್ ಪಾಮರ್ ಅನ್ನುವ ಸಂಶೋಧಕ ಮಗುವನ್ನು ಟೀವಿ ಮುಂದೆ ಕೂರಿಸಿ, ಪಕ್ಕದಲ್ಲೇ ಇನ್ನೊಂದು ಪರದೆ ಇಟ್ಟು, ಅದರ ಮೇಲೆ 7.5 ಸೆಕೆಂಡಿಗೊಮ್ಮೆ ಹೊಸ ಸ್ಲೈಡ್ ಬರುವ ಹಾಗೆ ಮಾಡುತ್ತಿದ್ದರು. ಮಗುವಿನ ಕಣ್ಣು ಯಾವಾಗ ಟೀವಿ ಬಿಟ್ಟು ಸ್ಲೈಡಿನ ಕಡೆ ಹೋಯಿತು ಅಂತ ಗುರುತು ಹಾಕಿಕೊಳ್ಳುವುದು. ಎಲ್ಲಿ ಮಕ್ಕಳ ಕಣ್ಣು ಹೋಗುತ್ತದೋ ಆ ಭಾಗವನ್ನು ತಿದ್ದುತ್ತಿದ್ದರು, ಇಲ್ಲವೇ ಕಿತ್ತು ಹಾಕುತ್ತಿದ್ದರು. ಅಂದರೆ ಮಗು ಬೇರೆ ಕಡೆ ನೋಡಿದರೆ ತಪ್ಪು ಕಾರ್ಯಕ್ರಮದ್ದು. ನಮ್ಮ ತರಗತಿಗಳಲ್ಲಿ ಇದು ಉಲ್ಟಾ ಅಲ್ವಾ? "ಇಲ್ಲಿ ನೋಡು, ಇಲ್ಲಿ ನೋಡು" ಅಂತ ಮಗುವಿಗೇ ಬೈಗುಳ.

ಟೀವಿ ಇಲ್ಲದೆ ಇಂಥ ಉಪಾಯಗಳನ್ನು ಯಾರಾದರೂ ಬಳಸಿದ್ದೀರಾ? ಹೇಳಿ.

ಶಂಕೆ_ಜಾಸ್ತಿ

ಮೇಡಂ, ಟೀವಿ ಹಾಕಿಸದೇ ಇರುವ ನಿರ್ಧಾರಕ್ಕೆ ಮೊದಲು ಒಂದು ನಮಸ್ಕಾರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ, ಒಂದು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು, ಕಡಿಮೆ ಆದಷ್ಟೂ ಒಳ್ಳೆಯದು ಅಂತ. ನಮ್ಮ ಮನೆಗಳಲ್ಲಿ ಊಟ ಮಾಡಿಸುವಾಗಲೇ ಆ ಒಂದು ಗಂಟೆ ಮುಗಿದಿರುತ್ತದೆ. ಶಾಲೆಯಲ್ಲಿ ಮತ್ತೆ ಯಾಕೆ?

ಆದರೆ ನಿಮ್ಮ ಸ್ಲೈಡಿನ ಕಥೆ ನನಗೆ ಒಪ್ಪಿಗೆ ಇಲ್ಲ. ಕಣ್ಣು ನೆಟ್ಟರೆ ಕಲಿತ ಹಾಗೆ ಅಂತ ಯಾರು ಹೇಳಿದ್ದು? ಪಟಾಕಿ ಹೊಡೆದರೂ ಮಕ್ಕಳು ಕಣ್ಣು ಬಿಟ್ಟುಕೊಂಡು ನೋಡುತ್ತವೆ. ಮಕ್ಕಳ ಕಣ್ಣು ಹಿಡಿದಿಡುವುದೇ ಗುರಿಯಾದರೆ ಅದು ಈಗಿನ ಮೊಬೈಲ್ ವಿಡಿಯೋದವರ ಬುದ್ಧಿ. ಬಣ್ಣ, ಸದ್ದು, ಎರಡು ಸೆಕೆಂಡಿಗೊಂದು ಚಿತ್ರ. ನನ್ನ ಅಕ್ಕನ ಮಗ ಅದನ್ನು ನೋಡುವಾಗ ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ.

ನಲಿಕಲಿ_ಮೇಷ್ಟ್ರು

ಶಂಕೆ ಅವರೇ, ನಿಮ್ಮ ಶಂಕೆಗೆ 1979ರಲ್ಲೇ ಒಂದು ಚಂದದ ಪ್ರಯೋಗ ನಡೆದಿದೆ. ಅರ್ಧ ನಿಮ್ಮ ಪರ, ಅರ್ಧ ಮೇಡಂ ಪರ. ಐದು ವರ್ಷದ ಮಕ್ಕಳ ಎರಡು ಗುಂಪು, ಎರಡಕ್ಕೂ ಸೆಸಮಿ ಸ್ಟ್ರೀಟ್ ಹಾಕಿದರು. ಒಂದು ಗುಂಪಿನ ಕೋಣೆಯಲ್ಲಿ ಆಟಿಕೆಗಳಿದ್ದವು, ಇನ್ನೊಂದರಲ್ಲಿ ಇರಲಿಲ್ಲ. ಆಟಿಕೆ ಇಲ್ಲದವರು ಶೇ. 87ರಷ್ಟು ಹೊತ್ತು ಟೀವಿ ನೋಡಿದರು. ಆಟಿಕೆ ಇದ್ದವರು ಶೇ. 44ರಷ್ಟು ಹೊತ್ತು ಮಾತ್ರ. ಆಮೇಲೆ ಪ್ರಶ್ನೆ ಕೇಳಿದರೆ ಎರಡೂ ಗುಂಪಿಗೆ ಅರ್ಥವಾಗಿದ್ದು ಹೆಚ್ಚುಕಡಿಮೆ ಒಂದೇ! ಆಡುತ್ತಾ ಆಡುತ್ತಾ ಕಿವಿ ಕೊಟ್ಟಿದ್ದವು, ಬೇಕಾದಾಗ ಮಾತ್ರ ತಲೆ ಎತ್ತಿ ನೋಡಿದ್ದವು. ಮಕ್ಕಳು ನಾವು ಅಂದುಕೊಂಡಷ್ಟು ಪೆದ್ದರಲ್ಲ.

ಅದೇ ತಂಡದವರು ಇನ್ನೊಂದು ಮಾಡಿದರು. ಅದೇ ಕಾರ್ಯಕ್ರಮ, ಆದರೆ ಮಾತನ್ನು ಹಿಂದುಮುಂದಾಗಿ ಹಾಕಿದರು, ಇಲ್ಲವೇ ಮಕ್ಕಳಿಗೆ ಗೊತ್ತಿಲ್ಲದ ಗ್ರೀಕ್ ಭಾಷೆಯಲ್ಲಿ ಹಾಕಿದರು. ಚಿತ್ರ, ಬಣ್ಣ ಎಲ್ಲ ಹಾಗೇ ಇತ್ತು. ಮಕ್ಕಳ ಗಮನ ಇಳಿದುಹೋಯಿತು. ಅಂದರೆ ಮಗು ನೋಡುವುದು ಬಣ್ಣಕ್ಕಲ್ಲ, ಅರ್ಥ ಆಗುತ್ತಿದೆ ಅಂತ. ಅರ್ಥ ಆಗದ ಮೇಲೆ ಕಣ್ಣು ಬೇರೆ ಕಡೆ ಹೋಗುತ್ತದೆ.

ಈಗ ನಮ್ಮ ಊರಿನ ನರ್ಸರಿಗಳಿಗೆ ಬನ್ನಿ. ಮನೆಯಲ್ಲಿ ಬರೀ ಕನ್ನಡವೋ ಲಂಬಾಣಿಯೋ ಉರ್ದುವೋ ಕೇಳಿದ ಮೂರು ವರ್ಷದ ಮಗು, ಮೊದಲ ದಿನದಿಂದಲೇ ಇಂಗ್ಲಿಷ್ ರೈಮ್ಸ್. ಲಂಡನ್ನಿನ ಸೇತುವೆ ಬೀಳುತ್ತಿದೆ ಅಂತ ಹಾವೇರಿಯ ಮಗು ಕುಣಿಯುತ್ತದೆ. ಆ ಮಗುವಿಗೂ ಗ್ರೀಕ್ ಕೇಳಿದ ಆ ಮಕ್ಕಳಿಗೂ ಏನು ವ್ಯತ್ಯಾಸ? ಕುಣಿಯಲಿ, ಬೇಡ ಅನ್ನುವುದಿಲ್ಲ. ಆದರೆ "ಈ ಮಗುವಿಗೆ ಗಮನವೇ ಇಲ್ಲ" ಅಂತ ಪೋಷಕರಿಗೆ ದೂರು ಹೇಳುವ ಮೊದಲು ಸ್ವಲ್ಪ ಯೋಚನೆ ಮಾಡಬೇಕು.

ಬಾಲವಾಡಿ_ದಾವಣಗೆರೆ

ಸರ್, ಇದನ್ನು ನಮ್ಮ ಪೋಷಕರ ಸಭೆಯಲ್ಲಿ ಓದಿ ಹೇಳಬೇಕು! ಕಣ್ಣು ನೆಡುವುದಷ್ಟೇ ಸಾಲದು ಅನ್ನುವುದು ನನಗೂ ಒಪ್ಪಿಗೆಯೇ. ಪಾಮರ್ ತಂಡದವರೂ ಅಲ್ಲಿಗೇ ನಿಲ್ಲಿಸಲಿಲ್ಲ. ಮಗು ನೋಡಿತಾ ಅನ್ನುವುದು ಮೊದಲ ಪ್ರಶ್ನೆ, ನೋಡಿ ಏನು ತಿಳಿಯಿತು ಅನ್ನುವುದು ಎರಡನೆಯದು, ಎರಡಕ್ಕೂ ಬೇರೆ ಬೇರೆ ಪರೀಕ್ಷೆ ಇತ್ತು.

ಆದರೂ ಕಣ್ಣು ನೋಡುವ ಉಪಾಯ ನನಗೆ ಉಪಯೋಗಕ್ಕೆ ಬರುತ್ತಿದೆ. ಕಥೆ ಹೇಳುವಾಗ ನಮ್ಮ ಸಹಾಯಕಿ ಹಿಂದೆ ಕೂತು, ಯಾವ ಜಾಗದಲ್ಲಿ ಮಕ್ಕಳು ಚಾಪೆ ಕೀಳಲು, ಪಕ್ಕದವರ ಜಡೆ ಎಳೆಯಲು ಶುರು ಮಾಡುತ್ತವೆ ಅಂತ ಗುರುತು ಹಾಕುತ್ತಾರೆ. ಹೆಚ್ಚಾಗಿ ನಾನು ವರ್ಣನೆ ಮಾಡುವಾಗ! ಕಾಡು ಹೀಗಿತ್ತು, ನದಿ ಹಾಗಿತ್ತು ಅನ್ನುವಾಗ ಜಡೆ ಎಳೆತ. ಹುಲಿ ಬಾಯಿ ತೆರೆದು ಮಾತಾಡಿದ ತಕ್ಷಣ ಎಲ್ಲ ಇತ್ತ ಕಡೆ.

ಅಂಗನವಾಡಿ_ಅಕ್ಕ

ನಾನು ಟಿ. ನರಸೀಪುರ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆ. ದೇಶದಲ್ಲಿ ಈ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದಿದ್ದು ನಮ್ಮ ತಾಲ್ಲೂಕಿಗೇ, ಅಷ್ಟು ಹೆಮ್ಮೆ ಇರಲಿ ಬಿಡಿ.

ನಮಗೆ ಟೀವಿ ಪ್ರಶ್ನೆಯೇ ಇಲ್ಲ. ತೂಕ, ಪೋಷಣ್ ಟ್ರ್ಯಾಕರ್ ಆಪ್, ಮೊಟ್ಟೆ ಲೆಕ್ಕ, ಬಾಣಂತಿಯರ ಮನೆ ಭೇಟಿ, ಇದರ ಮಧ್ಯೆ ಉಳಿದ ಹೊತ್ತಿನಲ್ಲಿ ಮಕ್ಕಳ ಜೊತೆ ಚಿಲಿಪಿಲಿ ಚಟುವಟಿಕೆ. ಆದರೆ ನೀವು ಕೇಳಿದ್ದನ್ನು ನಾನು ಹೆಸರು ಗೊತ್ತಿಲ್ಲದೇ ಮಾಡುತ್ತಿದ್ದೇನೆ ಅನ್ನಿಸಿತು. ನನ್ನ ಹತ್ತಿರ ಕಾಲುಚೀಲದ ಒಂದು ಗೊಂಬೆ ಇದೆ. ಹೆಸರು ಗುಂಡ. ಗುಂಡನಿಗೆ ಏನೂ ಸರಿಯಾಗಿ ಬರುವುದಿಲ್ಲ. ಒಂದು, ಎರಡು, ನಾಲ್ಕು ಅಂತ ಎಣಿಸುತ್ತಾನೆ. ಎಮ್ಮೆ ಚಿತ್ರ ತೋರಿಸಿದರೆ ಬೆಕ್ಕು ಅನ್ನುತ್ತಾನೆ. ಮಕ್ಕಳು ಕಿರುಚಿಕೊಂಡು ತಿದ್ದುತ್ತವೆ. ನಾನು ಕೇಳಿದರೆ ಬಾಯಿ ಬಿಡದ ಮಗು ಗುಂಡನಿಗೆ ಬೈಯುತ್ತದೆ, "ಮೂರು ಎಲ್ಲೋ ಹೋಯ್ತು ನಿನ್ನ ಅಜ್ಜಿ ಮನೆಗಾ" ಅಂತ!

ಟೀಚರಿಗೆ ಉತ್ತರ ಗೊತ್ತಿದೆ, ಆದರೂ ಕೇಳುತ್ತಾರೆ, ತಪ್ಪಿದರೆ ಏನೋ ಅನ್ನುತ್ತಾರೆ ಅಂತ ಮಕ್ಕಳಿಗೆ ಭಯ. ಗುಂಡನಿಗೆ ನಿಜವಾಗಿಯೂ ಗೊತ್ತಿಲ್ಲ. ಆದ್ದರಿಂದ ಅವನಿಗೆ ಹೇಳಿಕೊಡುವುದು ಅವರ ಕೆಲಸ.

ಬಾಲವಾಡಿ_ದಾವಣಗೆರೆ

ಅಕ್ಕಾ, ಇದು ಅಪ್ಪಟ ಸೆಸಮಿ ಸ್ಟ್ರೀಟ್! ಅಲ್ಲಿ ಬಿಗ್ ಬರ್ಡ್ ಅಂತ ಎಂಟಡಿಯ ಹಳದಿ ಹಕ್ಕಿ ಇದೆ, ನೋಡಲು ಅಷ್ಟು ದೊಡ್ಡದು, ಬುದ್ಧಿ ಆರು ವರ್ಷದ ಮಗುವಿನದು. ಅದು ತಪ್ಪುತ್ತದೆ, ಕೇಳುತ್ತದೆ, ಮನೆಯಲ್ಲಿ ನೋಡುವ ಮಗು "ಅಯ್ಯೋ ಹಾಗಲ್ಲ" ಅನ್ನುತ್ತದೆ.

ಇನ್ನೊಂದು ಸಂಗತಿ. ಮೊದಲು ಮನೋವಿಜ್ಞಾನಿಗಳು ಗೊಂಬೆಗಳನ್ನೂ ಮನುಷ್ಯರನ್ನೂ ಒಟ್ಟಿಗೆ ತೋರಿಸಬೇಡಿ, ಮಕ್ಕಳಿಗೆ ಕಲ್ಪನೆ ಯಾವುದು ನಿಜ ಯಾವುದು ಅಂತ ಗೊಂದಲ ಆಗುತ್ತದೆ ಎಂದು ಸಲಹೆ ಕೊಟ್ಟಿದ್ದರು. ಹಾಗೇ ಮಾಡಿ 1969ರ ಜುಲೈನಲ್ಲಿ ಫಿಲಡೆಲ್ಫಿಯಾದಲ್ಲಿ ಮಕ್ಕಳಿಗೆ ತೋರಿಸಿದರು. ಗೊಂಬೆ ಬಂದಾಗ ಮಕ್ಕಳು ನೋಡಿದವು, ಕಾರ್ಯಕ್ರಮದ ಬೀದಿಯಲ್ಲಿ ಬರೀ ಮನುಷ್ಯರು ಮಾತಾಡುವಾಗ ಎದ್ದು ಹೋದವು. ಪ್ರಸಾರಕ್ಕೆ ಕೆಲವೇ ತಿಂಗಳು ಬಾಕಿ. ಪಂಡಿತರ ಸಲಹೆಯನ್ನು ಬದಿಗಿಟ್ಟು ಬಿಗ್ ಬರ್ಡ್, ಆಸ್ಕರ್ ಅನ್ನುವ ಎರಡು ಗೊಂಬೆಗಳನ್ನೂ ಆ ಬೀದಿಗೇ ಇಳಿಸಿದರು. ಮಕ್ಕಳನ್ನು ನೋಡಿ ತೀರ್ಮಾನ ಮಾಡುವುದು ಅಂದರೆ ಇದು.

ನಲಿಕಲಿ_ಮೇಷ್ಟ್ರು

ಅದೇ ಕಾರ್ಯಕ್ರಮದ ಇನ್ನೊಂದು ತುಣುಕಿನ ಬಗ್ಗೆ ಹೇಳಲೇಬೇಕು. ಜೇಮ್ಸ್ ಅರ್ಲ್ ಜೋನ್ಸ್ ಅನ್ನುವ ಗಂಭೀರ ದನಿಯ ನಟ ಇಂಗ್ಲಿಷ್ ಅಕ್ಷರಮಾಲೆ ಹೇಳುತ್ತಾರೆ. ಬಲು ನಿಧಾನ. ಮೊದಲು ಅಕ್ಷರ ಪರದೆ ಮೇಲೆ ಮೂಡುತ್ತದೆ. ಆಮೇಲೆ ಒಂದು ಬಿಡುವು. ಆಮೇಲೆ ಅವರು ಅದರ ಹೆಸರು ಹೇಳುತ್ತಾರೆ. ಇಷ್ಟೇ. ಮಕ್ಕಳು ಮೊದಲ ಸಲ ನೋಡುವಾಗ ಅವರು ಹೇಳಿದ ಮೇಲೆ ಹೇಳಿದವು. ಕೆಲವು ಸಲ ಆದಮೇಲೆ ಅವರ ಜೊತೆ ಹೇಳಿದವು. ಇನ್ನೂ ಕೆಲವು ಸಲ ಆದಮೇಲೆ ಅವರಿಗಿಂತ ಮೊದಲೇ ಹೇಳಿಬಿಟ್ಟವು. ಸಂಶೋಧಕರು ಇದಕ್ಕೆ ಆ ನಟನ ಹೆಸರನ್ನೇ ಇಟ್ಟರು.

ನನಗೆ ಇಡೀ ಮಕ್ಕಳ ಟೀವಿ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ. ತೋರಿಸು, ಬಾಯಿ ಮುಚ್ಚಿಕೊಂಡಿರು, ಆಮೇಲೆ ಹೇಳು. ನಮ್ಮ ಮೇಷ್ಟ್ರುಗಳಿಗೆ ಮಧ್ಯದ ಆ ಬಾಯಿ ಮುಚ್ಚಿಕೊಂಡಿರುವ ಭಾಗವೇ ಆಗುವುದಿಲ್ಲ. ಮಿಂಚುಪಟ್ಟಿ, ಅಂದರೆ ಅಕ್ಷರದ ಕಾರ್ಡು, ಎತ್ತಿ ಹಿಡಿದು, ಹಿಡಿಯುವಾಗಲೇ "ಇದು ರ, ಹೇಳಿ ರ" ಅಂದುಬಿಡುತ್ತೇವೆ. ಮಗುವಿಗೆ ಯೋಚಿಸಲು ಜಾಗವೇ ಇಲ್ಲ.

ನಮ್ಮ ಸರಕಾರಿ ಶಾಲೆಗಳ ಚಟುವಟಿಕೆ ಪದ್ಧತಿ ನಲಿಕಲಿಯಲ್ಲಿ ಅಕ್ಷರ ಅ ಆ ಇ ಈ ಅಂತ ಶುರುವಾಗುವುದಿಲ್ಲ, ರ ಗ ಸ ದ ಅ ಅಂತ ಶುರು. ಐದೇ ಅಕ್ಷರಕ್ಕೆ ಸರ, ಗರಗಸ, ಅರಸ, ಅಗಸ ಎಲ್ಲ ಓದಲು ಬರುತ್ತದೆ. ನಾನು ಒಂದನೇ ತರಗತಿಯಲ್ಲಿ ಈ ಬಿಡುವನ್ನು ಸೇರಿಸಿದೆ. ಪಟ್ಟಿ ತೋರಿಸಿ, ಮನಸ್ಸಿನಲ್ಲೇ ಎರಡು ಮೂರು ಎಣಿಸಿ, ಆಮೇಲೆ ನಾನು ಹೇಳುವುದು. ಶುರುವಿನಲ್ಲಿ ಮಕ್ಕಳು ನನ್ನ ಮುಖ ನೋಡಿ ಕೂರುತ್ತಿದ್ದವು, ಮೇಷ್ಟ್ರಿಗೆ ಮರೆತುಹೋಯಿತು ಅಂತ. ಆಮೇಲೆ ನನಗಿಂತ ಮೊದಲು ಹೇಳುವುದೇ ಒಂದು ಪಂದ್ಯ ಆಯಿತು. ಪಂದ್ಯ ಅಂದಮೇಲೆ ಜಗಳವೂ ಬಂತು, ಅದು ಬೇರೆ ಕಥೆ.

ಎಡಿಸನ್_ಕನ್ನಡಿಗ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಮೇಷ್ಟ್ರು ಹೇಳಿದ ಬಿಡುವನ್ನೇ ಮುಖ್ಯ ಮಾಡಿಕೊಂಡ ಕಾರ್ಯಕ್ರಮ ಬ್ಲೂಸ್ ಕ್ಲೂಸ್, 1996ರಲ್ಲಿ ಶುರುವಾಗಿದ್ದು. ನನ್ನ ಮಗಳು ಅದರ ಹಳೆಯ ಕಂತುಗಳನ್ನೇ ನೋಡಿ ಬೆಳೆದಳು. ನಡೆಸಿಕೊಡುವವನು ಮಕ್ಕಳನ್ನು ನೇರ ನೋಡಿ ಪ್ರಶ್ನೆ ಕೇಳುತ್ತಾನೆ. ಆಮೇಲೆ ಸುಮ್ಮನೆ ನಿಲ್ಲುತ್ತಾನೆ. ಎಷ್ಟು ಹೊತ್ತು ಅಂದರೆ ದೊಡ್ಡವರಿಗೆ ಕಿರಿಕಿರಿ ಆಗುವಷ್ಟು. ನಾಲ್ಕು ವರ್ಷದ ಮಗುವಿಗೆ ಯೋಚಿಸಿ ಮಾತು ಹೊರಡಿಸಲು ಅಷ್ಟು ಬೇಕಾಗುತ್ತದೆ.

ಇನ್ನೂ ವಿಚಿತ್ರ, ಒಂದೇ ಕಂತನ್ನು ಸೋಮವಾರದಿಂದ ಶುಕ್ರವಾರದವರೆಗೆ ಐದು ದಿನವೂ ಹಾಕುತ್ತಿದ್ದರು. ಟೀವಿಯವರು ಯಾರಾದರೂ ಇಂಥದ್ದು ಮಾಡುತ್ತಾರಾ? ಆದರೆ ಸಂಶೋಧನೆ ಮಾಡಿ ನೋಡಿದಾಗ ಮಕ್ಕಳಿಗೆ ಬೇಜಾರಾಗಿರಲಿಲ್ಲ. ಮೊದಲ ದಿನ ಸುಮ್ನೆ ಕೂತು ನೋಡುತ್ತವೆ, ದಿನ ಕಳೆದ ಹಾಗೆ ಟೀವಿಗೆ ಉತ್ತರ ಕೂಗುವುದು, ಬೆರಳು ತೋರಿಸುವುದು ಜಾಸ್ತಿ ಆಗುತ್ತದೆ, ಅರ್ಥ ಆಗುವುದೂ ಜಾಸ್ತಿ. ನಮ್ಮ ಅಜ್ಜಿಯರಿಗೆ ಇದು ಗೊತ್ತಿತ್ತು. ದಿನಾ ಅದೇ ಕಾಗಕ್ಕ ಗುಬ್ಬಕ್ಕನ ಕಥೆ, ಒಂದು ಮಾತು ಬದಲಾದರೂ ಮಗು ಬಿಡುತ್ತಿರಲಿಲ್ಲ.

ಇಲ್ಲಿ ನಮ್ಮ ಮನೆಗಳಲ್ಲಿ ಇನ್ನೊಂದು ಪ್ರಶ್ನೆ ಇದೆ. ಮಗನಿಗೆ ಈಗ ಎರಡು ವರ್ಷ. ಕನ್ನಡ ಕಲಿಯಲಿ ಅಂತ ಅವನಮ್ಮ ಕನ್ನಡ ಶಿಶುಗೀತೆ ವಿಡಿಯೋ ಹಾಕುತ್ತಾಳೆ, ಅವನು ನೋಡುತ್ತಾನೆ, ಒಂದು ಪದವೂ ಬಾಯಿಗೆ ಬರುವುದಿಲ್ಲ. ಭಾನುವಾರ ಶಿವಮೊಗ್ಗದ ಅಜ್ಜಿ ವಿಡಿಯೋ ಕಾಲಿನಲ್ಲಿ ಬಂದರೆ "ಅಜ್ಜಿ ಬಾ, ಚೆಂಡು ನೋಡು" ಎಲ್ಲ ಬರುತ್ತದೆ. ಎರಡೂ ಪರದೆಯೇ ತಾನೇ?

ನಲಿಕಲಿ_ಮೇಷ್ಟ್ರು

ಎರಡೂ ಪರದೆಯೇ, ಆದರೆ ಅಜ್ಜಿ ತಿರುಗಿ ಮಾತಾಡುತ್ತಾರೆ! ಎರಡು ಎರಡೂವರೆ ವರ್ಷದೊಳಗಿನ ಮಕ್ಕಳು ಎದುರಿಗಿರುವ ಮನುಷ್ಯರಿಂದ ಕಲಿಯುವಷ್ಟು ವಿಡಿಯೋದಿಂದ ಕಲಿಯುವುದಿಲ್ಲ, ಇದು ಬೇರೆ ಬೇರೆ ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿದೆ. 2014ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಎರಡು ವರ್ಷ ಆಸುಪಾಸಿನ ಮಕ್ಕಳಿಗೆ ಹೊಸ ಪದ ಕಲಿಸಿದರು, ಎದುರಿಗೆ ಕೂತು, ವಿಡಿಯೋ ಕಾಲಿನಲ್ಲಿ, ಮತ್ತು ಮೊದಲೇ ಮುದ್ರಿಸಿದ ವಿಡಿಯೋದಲ್ಲಿ. ಎದುರಿಗೆ ಮತ್ತು ಕಾಲಿನಲ್ಲಿ ಕಲಿತವು. ಮುದ್ರಿಸಿದ್ದರಿಂದ ಕಲಿಯಲಿಲ್ಲ. ಮಗು ಏನೋ ಮಾಡಿದಾಗ ಆ ಕಡೆಯವರು ಅದಕ್ಕೇ ಪ್ರತಿಕ್ರಿಯೆ ಕೊಡಬೇಕು, ಗುಟ್ಟು ಅದು. ಅಜ್ಜಿಗೆ ವಾರಕ್ಕೊಂದು ಸಲ ಸಾಲದು, ಇನ್ನೂ ನಾಲ್ಕು ಸಲ ಫೋನ್ ಮಾಡಿಸಿ. ಅಜ್ಜಿಗೂ ಖುಷಿ.

ಹಳೇ_ರೇಡಿಯೋ_ರಾಯಚೂರು

ನಿಮ್ಮೆಲ್ಲರ ಅಮೆರಿಕ ಮಾತು ಕೇಳಿ ನನಗೆ ನಮ್ಮೂರು ನೆನಪಾಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ಹಳ್ಳಿಗೆ ಉಪಗ್ರಹದಿಂದ ಟೀವಿ ಬಂದಿತ್ತು. ಬೆಂಗಳೂರಿನಲ್ಲೇ ಆಗಿನ್ನೂ ದೂರದರ್ಶನ ಇರಲಿಲ್ಲ, ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಇತ್ತು! ಸೈಟ್ ಪ್ರಯೋಗ ಅಂತ ಅದರ ಹೆಸರು. ನಾಸಾದ ಎಟಿಎಸ್-6 ಉಪಗ್ರಹ, ಇಸ್ರೋದವರ ಕೆಲಸ, ಆರು ರಾಜ್ಯಗಳ ಸುಮಾರು 2400 ಹಳ್ಳಿ. ಕೋಳಿ ಗೂಡಿನ ಜಾಳಿಗೆಯ ಹಾಗಿನ ತಂತಿಬಲೆಯ ದೊಡ್ಡ ಆಂಟೆನಾ. ಬೆಳಿಗ್ಗೆ ಶಾಲೆ ಮಕ್ಕಳಿಗೆ ಕನ್ನಡದಲ್ಲಿ ಸುಮಾರು 20 ನಿಮಿಷದ ಕಾರ್ಯಕ್ರಮ, ಸಂಜೆ ಊರಿನವರಿಗೆ.

ನಾನಾಗ ಪ್ರೈಮರಿ. ಕಾರ್ಯಕ್ರಮ ಏನಿತ್ತು ಅನ್ನುವುದು ಪೂರ್ತಿ ನೆನಪಿಲ್ಲ, ಆದರೆ ಇದು ನೆನಪಿದೆ: ಒಬ್ಬ ಮೇಷ್ಟ್ರು ಟೀವಿ ಹಚ್ಚಿ ಹೊರಗೆ ಹೋಗಿ ಬೀಡಿ ಸೇದುತ್ತಿದ್ದರು. ಇನ್ನೊಬ್ಬ ಮೇಡಂ ನಮ್ಮ ಜೊತೆಗೇ ನೆಲದ ಮೇಲೆ ಕೂತು ನೋಡಿ, ಮುಗಿದ ತಕ್ಷಣ "ಆ ನೀರಿನ ಆಟ ನಾವೂ ಮಾಡೋಣ ಬನ್ನಿ" ಅಂತ ಬಾವಿಕಟ್ಟೆಗೆ ಕರೆದುಕೊಂಡು ಹೋಗುತ್ತಿದ್ದರು. ಯಾರ ತರಗತಿಯವರಿಗೆ ಇವತ್ತಿಗೂ ಅದು ನೆನಪಿದೆ ಅಂತ ಕೇಳಬೇಕಾ?

ಆಮೇಲೆ ರೇಡಿಯೋ ಪಾಠಗಳೂ ಬಂದವಲ್ಲ, ಚುಕ್ಕಿ ಚಿನ್ನ, ಕೇಳಿ ಕಲಿ. ನನ್ನ ತಂಗಿ ಆಗ ಸರಕಾರಿ ಶಾಲೆ ಟೀಚರು. ರೇಡಿಯೋದಲ್ಲಿ ಪಾತ್ರಗಳು ಮಾತಾಡುತ್ತಾ ಮಕ್ಕಳಿಗೆ ಪ್ರಶ್ನೆ ಹಾಕಿ ಬಿಡುವು ಕೊಡುತ್ತಿದ್ದವು, ಮಕ್ಕಳು ಒಟ್ಟಾಗಿ ಉತ್ತರ ಕೂಗಬೇಕು. ಎಡಿಸನ್ ಅವರು ಹೇಳಿದ್ದೇ ಇದು, ಚಿತ್ರ ಇಲ್ಲ ಅಷ್ಟೇ. ತೊಂದರೆ ಏನೆಂದರೆ ರೇಡಿಯೋ ಯಾರಿಗೂ ಕಾಯುವುದಿಲ್ಲ. ಹಿಂದಿನ ಸಾಲಿನ ಮಗು ಇನ್ನೂ ಯೋಚನೆ ಮಾಡುತ್ತಿರುವಾಗ ಪಾತ್ರ "ಭೇಷ್, ಸರಿಯಾಗಿ ಹೇಳಿದಿರಿ" ಅಂದುಬಿಡುತ್ತಿತ್ತು. ಯಾರೂ ಹೇಳದಿದ್ದರೂ ಭೇಷ್! ತಂಗಿ ಆಮೇಲೆ ಅದೇ ಪಾಠವನ್ನು ತಾನೇ ರೇಡಿಯೋದ ದನಿಯಲ್ಲಿ ಮಾಡುತ್ತಿದ್ದಳು, ಉತ್ತರ ಬರುವವರೆಗೆ ಕಾದು.

ಶಂಕೆ_ಜಾಸ್ತಿ

ಹಳೇ ರೇಡಿಯೋ ಅಣ್ಣಾ, ನಿಮ್ಮ ಬೀಡಿ ಮೇಷ್ಟ್ರೇ ನನ್ನ ವಾದ. ಉಪಕರಣ ಬಂದರೆ ಟೀಚರು ಹೊರಗೆ ಹೋಗುತ್ತಾರೆ. ಇದು 1975ಕ್ಕೆ ಮುಗಿದಿಲ್ಲ.

ಮತ್ತೆ ಒಂದು. ಸೆಸಮಿ ಸ್ಟ್ರೀಟ್ ಬಡವರ ಮಕ್ಕಳಿಗೆ ಅಂತ ಶುರುವಾಯಿತು. ಅದರಿಂದ ಮಕ್ಕಳು ಕಲಿತರಾ ಅಂತ ನೋಡಿದ ಮೊದಲ ಅಧ್ಯಯನದ ಮಾಹಿತಿಯನ್ನು 1975ರಲ್ಲಿ ಬೇರೆ ವಿದ್ವಾಂಸರು ಮತ್ತೆ ನೋಡಿ, ಸ್ಥಿತಿವಂತರ ಮಕ್ಕಳೂ ನೋಡುತ್ತಾರೆ, ಅವರಿಗೂ ಲಾಭ ಆಗುತ್ತದೆ, ಅಂತರ ಕಡಿಮೆ ಆಗುವ ಬದಲು ಜಾಸ್ತಿಯೂ ಆಗಬಹುದು ಅಂತ ಬರೆದರು. ಆ ಮೊದಲ ಅಧ್ಯಯನದಲ್ಲಿ ಚೆನ್ನಾಗಿ ಕಲಿತವರ ಮನೆಗೆ ವಾರವಾರ ಜನ ಹೋಗಿ "ನೋಡಿಸಿ, ಮಾತಾಡಿಸಿ" ಅಂತ ಹುರಿದುಂಬಿಸುತ್ತಿದ್ದರಂತೆ. ಕಲಿಸಿದ್ದು ಟೀವಿಯಾ, ಮನೆಗೆ ಬಂದವರಾ?

ನಲಿಕಲಿ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಆಗ ಅಮೆರಿಕದ ಎಲ್ಲ ಊರಿಗೂ ಸೆಸಮಿ ಸ್ಟ್ರೀಟ್ ಬರುವ ಚಾನೆಲ್ ಚೆನ್ನಾಗಿ ಸಿಗುತ್ತಿರಲಿಲ್ಲ, ಸುಮಾರು ಮೂರನೇ ಎರಡು ಭಾಗ ಜನರಿಗೆ ಮಾತ್ರ ಸಿಗುತ್ತಿತ್ತು. ಕರ್ನಿ ಮತ್ತು ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು ಸಿಗ್ನಲ್ ಚೆನ್ನಾಗಿದ್ದ ಜಿಲ್ಲೆ, ಇಲ್ಲದ ಜಿಲ್ಲೆ ಎರಡನ್ನೂ ಹೋಲಿಸಿದರು. ಯಾರ ಮನೆಗೂ ಯಾರೂ ಹೋಗಿರಲಿಲ್ಲ. ಸಿಗ್ನಲ್ ಇದ್ದ ಕಡೆಯ ಮಕ್ಕಳು ವಯಸ್ಸಿಗೆ ತಕ್ಕ ತರಗತಿಯಲ್ಲಿ ಇರುವ ಸಾಧ್ಯತೆ ಜಾಸ್ತಿ ಇತ್ತು, ಗಂಡುಮಕ್ಕಳಿಗೆ, ಕಪ್ಪು ಮಕ್ಕಳಿಗೆ ಇನ್ನೂ ಜಾಸ್ತಿ. ದೊಡ್ಡವರಾದ ಮೇಲೆ ಸಂಬಳ ಇತ್ಯಾದಿಗಳಲ್ಲಿ ಅಂಥ ಸ್ಪಷ್ಟ ಫಲ ಕಾಣಲಿಲ್ಲ. ಹಾಗಾಗಿ ಟೀವಿ ಒಂದೇ ಏನೂ ಮಾಡುವುದಿಲ್ಲ ಅನ್ನುವುದೂ ಸರಿಯಲ್ಲ, ಬದುಕನ್ನೇ ಬದಲಾಯಿಸಿತು ಅನ್ನುವುದೂ ಸರಿಯಲ್ಲ. ಪಕ್ಕದಲ್ಲಿ ಒಬ್ಬ ದೊಡ್ಡವರು ಇದ್ದರೆ ಜಾಸ್ತಿ ಆಗುತ್ತದೆ, ಇದರಲ್ಲಿ ನಮ್ಮಿಬ್ಬರಿಗೂ ಜಗಳ ಇಲ್ಲ ಅಲ್ವಾ?

ಶಂಕೆ_ಜಾಸ್ತಿ

ಇಲ್ಲ. ಆದರೆ ಹಾಗಾದರೆ ಆ ದೊಡ್ಡವರೇ ಸಾಕಲ್ಲ, ಡಬ್ಬ ಯಾಕೆ ಅನ್ನುವ ನನ್ನ ಪ್ರಶ್ನೆ ಹಾಗೇ ಉಳಿಯಿತು.

ಶಿರಸಿ_ಆಯಿ

ನನ್ನದು ಸ್ವಲ್ಪ ಬೇರೆ ವಿಷಯ. ಅಕ್ಷರ ಅಂಕಿ ಬಿಟ್ಟು ಮನಸ್ಸಿನ ವಿಷಯಕ್ಕೆ ಇಂಥ ಉಪಾಯ ಯಾರಾದರೂ ಬಳಸಿದ್ದೀರಾ? ಮಳೆಗಾಲದಲ್ಲಿ ನಮ್ಮ ಅತ್ತೆ ತೀರಿಕೊಂಡರು. ಮೊಮ್ಮಗಳಿಗೆ ನಾಲ್ಕು ವರ್ಷ. ಮನೆಗೆ ಬಂದವರೆಲ್ಲ ಒಂದೊಂದು ಹೇಳಿದರು. ದೊಡ್ಡಾಯಿ ಮಲಗಿದ್ದಾರೆ, ದೇವರ ಹತ್ತಿರ ಹೋಗಿದ್ದಾರೆ, ನಕ್ಷತ್ರ ಆಗಿದ್ದಾರೆ. ಈಗ ಅವಳು ರಾತ್ರಿ ಮಲಗಲು ಹೆದರುತ್ತಾಳೆ. ಮಲಗಿದರೆ ವಾಪಸ್ ಬರುವುದಿಲ್ಲ ಅಂತ ಅವಳ ಲೆಕ್ಕ.

ಬಾಲವಾಡಿ_ದಾವಣಗೆರೆ

ಆಯಿ, ಕೇಳಿ ಬೇಜಾರಾಯಿತು. ಸೆಸಮಿ ಸ್ಟ್ರೀಟಿನಲ್ಲಿ ಇದೇ ಪ್ರಶ್ನೆ ಬಂದಿತ್ತು. ಬೀದಿಯ ಅಂಗಡಿಯ ಹೂಪರ್ ತಾತನ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೇರೆ ನಟನನ್ನು ಹಾಕಬಹುದಿತ್ತು, ಊರು ಬಿಟ್ಟು ಹೋದರು ಅನ್ನಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಜ್ಞರನ್ನು ಕೇಳಿ, ಮಕ್ಕಳಿಗೆ ಸತ್ಯವನ್ನೇ ಹೇಳುವುದು ಅಂತ ತೀರ್ಮಾನಿಸಿದರು. ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ಹಂಚುತ್ತದೆ, ತಾತನದನ್ನೂ ಹಿಡಿದು ಅವರು ಯಾವಾಗ ಬರುತ್ತಾರೆ ಅಂತ ಕೇಳುತ್ತದೆ. ದೊಡ್ಡವರು ಅವರು ಸತ್ತುಹೋಗಿದ್ದಾರೆ, ಮತ್ತೆ ಬರುವುದಿಲ್ಲ ಅಂತ ಹೇಳುತ್ತಾರೆ, ತಮಗೂ ದುಃಖ ಆಗಿದೆ ಅಂತ ತೋರಿಸುತ್ತಾರೆ. ಯಾಕೆ ಹೀಗೆ ಅಂದರೆ ಸರಿಯಾದ ಉತ್ತರ ಅವರಿಗೂ ಇಲ್ಲ. 1983ರ ನವೆಂಬರ್‌ನಲ್ಲಿ ಹಬ್ಬದ ರಜಾ ದಿನವೇ ಹಾಕಿದರು, ಅಪ್ಪ ಅಮ್ಮ ಮನೆಯಲ್ಲಿ ಜೊತೆಗೆ ಇರಲಿ ಅಂತ. ಮಲಗಿದರು, ದೂರ ಹೋದರು ಅನ್ನುವ ಮಾತು ಎಲ್ಲೂ ಇಲ್ಲ. ನಿಮ್ಮ ಮೊಮ್ಮಗಳಿಗೆ ಆಗಿರುವ ಭಯವೇ ಅದಕ್ಕೆ ಕಾರಣ.

ಅಂಗನವಾಡಿ_ಅಕ್ಕ

ಆಯಿ, ನಮ್ಮ ಕೇಂದ್ರದಲ್ಲೂ ಹೀಗೇ ಒಂದು ಮಗು ಇತ್ತು. ನಾನು ನೇರವಾಗಿ ಅವಳಿಗೆ ಹೇಳಲಿಲ್ಲ. ಗುಂಡನ ಕೈಲಿ ಕೇಳಿಸಿದೆ, "ಅಕ್ಕ, ನನ್ನ ಅಜ್ಜ ಎಲ್ಲಿ? ಮಲಗಿದ್ದಾರಾ?" ಅಂತ. "ಇಲ್ಲ ಗುಂಡ, ಅಜ್ಜ ತೀರಿಹೋಗಿದ್ದಾರೆ. ಅವರ ಮೈ ಕೆಲಸ ನಿಲ್ಲಿಸಿದೆ. ನಿದ್ದೆ ಬೇರೆ, ನಿದ್ದೆಯಿಂದ ಎಲ್ಲರೂ ಏಳುತ್ತೇವೆ" ಅಂದೆ. ಮಗು ಕೇಳಿಸಿಕೊಂಡು ಸುಮ್ಮನಿತ್ತು. ಮಾರನೇ ದಿನ ಬಂದು ಗುಂಡನಿಗೆ ತಾನೇ ಸಮಾಧಾನ ಹೇಳಿತು. ಒಂದೇ ಸಲ ಸಾಲದು, ಅವರು ಕೇಳಿದಾಗೆಲ್ಲ ಅದೇ ಮಾತನ್ನು ಹೇಳಬೇಕು. ರಾತ್ರಿ ಸ್ವಲ್ಪ ದಿನ ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಶಿರಸಿ_ಆಯಿ

ಆಗಲಿ. ಇವತ್ತೇ ಒಂದು ಕಾಲುಚೀಲ ಹುಡುಕುತ್ತೇನೆ.

ಎಡಿಸನ್_ಕನ್ನಡಿಗ

ಮನಸ್ಸಿನ ವಿಷಯ ಬಂತಲ್ಲ, ಇನ್ನೊಂದು ಹೇಳಿಬಿಡುತ್ತೇನೆ. 2013ರಲ್ಲಿ ಸೆಸಮಿ ಸ್ಟ್ರೀಟಿನವರು ತಾಳ್ಮೆ, ತನ್ನನ್ನು ತಾನು ತಡೆದುಕೊಳ್ಳುವುದು, ಇವನ್ನೇ ಮುಖ್ಯ ಮಾಡಿದರು. ಬಿಸ್ಕತ್ತು ಕಂಡರೆ ಹಾರುವ ಕುಕಿ ಮಾನ್‌ಸ್ಟರ್ ಕಾಯುವುದನ್ನು ಕಲಿಯುತ್ತದೆ. ಇದಕ್ಕೆ ಇಷ್ಟು ಖರ್ಚು ಮಾಡಬೇಕಾ, ನಮ್ಮ ಕೆರೆ ದಡ ಆಟ ಇಲ್ಲವೇ ಅಂತ ನನಗನ್ನಿಸಿತು. ಗೆರೆ ಎಳೆದು ಕೆರೆ ಅಂದಾಗ ಹಾರುವುದು, ದಡ ಅಂದಾಗ ಹಿಂದೆ ಬರುವುದು, ಕರೆಯುವವರು ಬೇಕಂತಲೇ ದಡ ದಡ ಕೆರೆ ದಡ ಅಂತ ಮೋಸ ಮಾಡುವುದು. ಹಾರಬೇಕು ಅನ್ನುವ ಕಾಲನ್ನು ತಡೆದು ಹಿಡಿಯಬೇಕಲ್ಲ, ಅದೇ ಅಭ್ಯಾಸ.

ಅಂಗನವಾಡಿ_ಅಕ್ಕ

ಅಯ್ಯೋ, ನಮ್ಮಲ್ಲಿ ದಿನಾ ಅದೇ. ಮೂರು ವರ್ಷದವಕ್ಕೆ ಮೋಸ ಮಾಡಬೇಡಿ, ಅಳುತ್ತವೆ. ನಾಲ್ಕೂವರೆ ಆದಮೇಲೆ ಸರಿ.

ಬಾಲವಾಡಿ_ದಾವಣಗೆರೆ

ಶಂಕೆ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಡಬ್ಬ ಬೇಡ, ಅದನ್ನು ಮೊದಲೇ ಹೇಳಿದ್ದೇನೆ. ಡಬ್ಬದ ಹಿಂದೆ ಕೂತವರು ಮಾಡಿದ ಮನೆಗೆಲಸ ಬೇಕು. ಮಗು ಎಲ್ಲಿ ಕಣ್ಣು ತಿರುಗಿಸಿತು ಅಂತ ನೋಡುವುದು, ಕೇಳಿ ಸುಮ್ಮನೆ ಕಾಯುವುದು, ಒಂದು ಕಥೆಯನ್ನೇ ವಾರವೆಲ್ಲ ಹೇಳುವುದು, ಪೆದ್ದ ಗೊಂಬೆ ಇಟ್ಟುಕೊಳ್ಳುವುದು. ಇದಕ್ಕೆ ಕರೆಂಟ್ ಬೇಡ.

ಪೋಷಕರಿಗೆ ಏನು ಹೇಳುವುದು ಅನ್ನುವುದೇ ಕಷ್ಟ. ಶನಿವಾರದ ಸಭೆಯಲ್ಲಿ ಭಾಷಣ ಮಾಡುವ ಬದಲು ಅವರನ್ನೇ ಮಕ್ಕಳ ಜೊತೆ ಚಾಪೆ ಮೇಲೆ ಕೂರಿಸಿ ಒಂದು ಕಥೆ ಹೇಳೋಣ ಅಂತಿದ್ದೇನೆ. ಸೋಮವಾರದಿಂದ ಹೇಳುತ್ತಿರುವ ಕಥೆಯನ್ನೇ. ಮಕ್ಕಳು ನನಗಿಂತ ಮೊದಲು ಹೇಳುವುದನ್ನು ಅವರೇ ಕೇಳಲಿ. ಅಕ್ಕಾ, ಗುಂಡನನ್ನು ಮಾಡುವುದು ಹೇಗೆ ಹೇಳಿ. ಕಣ್ಣಿಗೆ ಅಂಗಿ ಗುಂಡಿ ಹೊಲಿದರೆ ಆಗುತ್ತದಾ?

ಅಂಗನವಾಡಿ_ಅಕ್ಕ

ಗುಂಡಿ ಬೇಡವೇ ಬ್ಯಾಡ ಮೇಡಂ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತವೆ. ಕಪ್ಪು ಉಲ್ಲನ್ ದಾರದಲ್ಲೇ ಕಣ್ಣು ಹೊಲಿಯಿರಿ. ದೊಡ್ಡವರ ಕಾಲುಚೀಲ ತಗೊಳ್ಳಿ, ಹಿಮ್ಮಡಿ ಇರುವ ಜಾಗ ನಿಮ್ಮ ಬೆರಳಿನ ಗಿಣ್ಣಿನ ಮೇಲೆ ಬರಬೇಕು. ಬಾಯಿ ಒಳಗೆ ಒಂದು ಚೂರು ಕೆಂಪು ಬಟ್ಟೆ. ಎರಡು ಮಾಡಿಟ್ಟುಕೊಳ್ಳಿ, ಒಗೆಯಲು ಹಾಕಿದ ದಿನ ಗುಂಡ ಎಲ್ಲಿ ಅಂತ ಗಲಾಟೆ ಆಗುತ್ತದೆ.